1460 ಬಂದ ಮೇಲೆ ಮತ್ತೊಮ್ಮೆ ಎಸ್‌ಎಟಿ ಬರೆಯಬೇಕೇ? ಒಂದು ಪ್ರಕರಣ ಅಧ್ಯಯನ

ಜೂನ್ ಎರಡನೇ ವಾರ ಒಬ್ಬ ತಾಯಿ ನನಗೆ ಫೋನ್ ಮಾಡಿದರು. ಮಗಳು ಹನ್ನೊಂದನೇ ತರಗತಿ ಮುಗಿಸಿದ್ದಳು. ಅಮೆರಿಕದಲ್ಲೇ ಹುಟ್ಟಿ ಬೆಳೆದ ಹುಡುಗಿ, ಓದುತ್ತಿದ್ದದ್ದು ಅಲ್ಲಿನದೇ ಒಂದು ಸರ್ಕಾರಿ ಹೈಸ್ಕೂಲಿನಲ್ಲಿ. ಅಮೆರಿಕದ ಕಾಲೇಜು ಪ್ರವೇಶಕ್ಕೆ ನೋಡುವ ಪರೀಕ್ಷೆ ಎಸ್‌ಎಟಿಯನ್ನು ಎರಡು ಸಲ ಬರೆದಾಗಿತ್ತು. ರಜೆಯಲ್ಲಿ ಕೂತು ಓದಿ ಮೂರನೇ ಸಲ ಬರೆಯಬೇಕೋ, ಇಲ್ಲಾ ಆ ಸಮಯವನ್ನು ಅವಳು ಮಾಡುತ್ತಿದ್ದ ಸೈಕಲ್ ರಿಪೇರಿ ಕೆಲಸಕ್ಕೆ ಬಿಟ್ಟುಕೊಡಬೇಕೋ ಎಂದು ಮನೆಯಲ್ಲಿ ಹದಿನೈದು ದಿನದಿಂದ ವಾದ ನಡೆದಿತ್ತು. "ನೀವೊಂದು ಮಾತು ಹೇಳಿಬಿಡಿ, ನೀವು ಹೇಳಿದರೆ ಕೇಳ್ತಾಳೆ" ಎಂದರು.

ನಾನು ವೃತ್ತಿಯಿಂದ ಕೌನ್ಸೆಲರ್ ಅಲ್ಲ. ಅಮೆರಿಕದ ಕನ್ನಡ ಮನೆಗಳ ಮಕ್ಕಳು ಕಾಲೇಜಿಗೆ ಅರ್ಜಿ ಹಾಕುವಾಗ ಜೊತೆಗೆ ಕೂರುತ್ತೇನೆ, ಕೆಲವು ವರ್ಷಗಳಿಂದ ಹೀಗೇ ನಡೆದುಕೊಂಡು ಬಂದಿದೆ. ಈ ಹುಡುಗಿಯ ಕಥೆಯನ್ನು ಬರೆಯಲು ಅವಳೂ ಮನೆಯವರೂ ಒಪ್ಪಿದ್ದಾರೆ. ಊರು, ಶಾಲೆ, ಕಾಲೇಜುಗಳ ಹೆಸರು ಹೇಳುವುದಿಲ್ಲ. ಅವಳನ್ನು ಪುಟ್ಟಿ ಎಂದು ಕರೆಯುತ್ತೇನೆ.

ಅವಳ ಕೈಯಲ್ಲಿ ಏನಿತ್ತು

ಎಸ್‌ಎಟಿಯಲ್ಲಿ ಎರಡು ಭಾಗ. ಓದು-ಬರಹ 800, ಗಣಿತ 800, ಒಟ್ಟು 1600. ಪುಟ್ಟಿಗೆ ಮಾರ್ಚ್‌ನಲ್ಲಿ ಓದು-ಬರಹದಲ್ಲಿ 680, ಗಣಿತದಲ್ಲಿ 750 ಬಂತು. ಒಟ್ಟು 1430. ಮೇ ತಿಂಗಳಲ್ಲಿ ಮತ್ತೆ ಬರೆದಳು. ಗಣಿತ 780ಕ್ಕೆ ಏರಿತು, ಓದು-ಬರಹ 670ಕ್ಕೆ ಇಳಿಯಿತು. ಒಟ್ಟು 1450. ಬಹಳಷ್ಟು ಕಾಲೇಜುಗಳು ಬೇರೆ ಬೇರೆ ದಿನ ಬರೆದ ಪರೀಕ್ಷೆಗಳಿಂದ ಒಂದೊಂದು ಭಾಗದ ಅತಿ ಹೆಚ್ಚಿನ ಅಂಕವನ್ನು ತೆಗೆದುಕೊಂಡು ಕೂಡಿಸುತ್ತವೆ. ಅದಕ್ಕೆ ಸೂಪರ್‌ಸ್ಕೋರ್ ಅನ್ನುತ್ತಾರೆ. ಆ ಲೆಕ್ಕದಲ್ಲಿ ಅವಳದ್ದು 680 ಮತ್ತು 780, ಅಂದರೆ 1460.

ಮೇ ಪರೀಕ್ಷೆ ನನ್ನ ತಪ್ಪು. ಮಾರ್ಚ್ ಫಲಿತಾಂಶ ಬಂದ ದಿನ "ಇನ್ನೊಂದು ಸಲ ಬರೆದು ನೋಡು, ಕಳೆದುಕೊಳ್ಳುವುದು ಏನಿದೆ" ಎಂದಿದ್ದವಳು ನಾನೇ. ಮೇ ಮೊದಲ ವಾರದಲ್ಲೇ ಎಪಿ (ಹೈಸ್ಕೂಲಿನಲ್ಲೇ ಓದುವ ಕಾಲೇಜು ಮಟ್ಟದ ವಿಷಯಗಳ) ಪರೀಕ್ಷೆಗಳೂ ಶುರುವಾಗುತ್ತವೆ ಎಂಬುದು ನನಗೆ ಗೊತ್ತಿತ್ತು, ಆದರೆ ಅವಳ ಕ್ಯಾಲೆಂಡರ್ ತೆರೆದು ನೋಡಲಿಲ್ಲ. ಅವಳಿಗೆ ಮೂರು ಎಪಿ ಇದ್ದವು. ಎಸ್‌ಎಟಿಗೆ ಒಂದು ದಿನವೂ ಓದದೆ ಹೋಗಿ ಬರೆದು ಬಂದಳು. 20 ಅಂಕ ಏರಿತು ಎಂದು ಮನೆಯವರು ಖುಷಿಪಟ್ಟರು. ಅಷ್ಟು ಏರಿಳಿತ ಏನೂ ಓದದಿದ್ದರೂ ಒಂದೇ ಮಗುವಿಗೆ ಎರಡು ದಿನದಲ್ಲಿ ಆಗುವಂಥದ್ದೇ.

ಇನ್ನು ಸೈಕಲ್ ವಿಷಯ. ಒಂಬತ್ತನೇ ತರಗತಿಯಿಂದ ಪುಟ್ಟಿ ಶನಿವಾರ ಬೆಳಿಗ್ಗೆ ಸಮುದಾಯ ಭವನವೊಂದರ ಹಿಂದಿನ ಶೆಡ್‌ಗೆ ಹೋಗುತ್ತಿದ್ದಳು. ಯಾರೋ ಕೊಟ್ಟ ಹಳೆ ಮಕ್ಕಳ ಸೈಕಲ್‌ಗಳು ಅಲ್ಲಿಗೆ ಬರುತ್ತವೆ. ನಿವೃತ್ತ ಮೆಕ್ಯಾನಿಕ್ ಒಬ್ಬರು ಕಲಿಸುತ್ತಾರೆ. ರಿಪೇರಿಯಾದದ್ದನ್ನು ಬೇಕಾದ ಮನೆಗಳಿಗೆ ಹಾಗೇ ಕೊಡುತ್ತಾರೆ. ಹತ್ತನೇ ತರಗತಿಯಲ್ಲಿ ಆ ಹಿರಿಯರಿಗೆ ಮಂಡಿ ನೋವು ಜಾಸ್ತಿಯಾಗಿ ವಾರ ಬಿಟ್ಟು ವಾರ ಬರತೊಡಗಿದರು. ಆಗಿನಿಂದ ಬೀಗದ ಕೈ ಪುಟ್ಟಿಯ ಬಳಿ. ಒಂದು ನೋಟ್‌ಬುಕ್ ಇಟ್ಟಿದ್ದಳು. ಯಾವ ಸೈಕಲ್, ಯಾರು ತಂದದ್ದು, ಏನು ಹಾಳಾಗಿತ್ತು, ಯಾವ ದಿನ ಹೋಯಿತು. ಜೂನ್ ಹೊತ್ತಿಗೆ ಅದರಲ್ಲಿ 31 ಸೈಕಲ್ ಇದ್ದವು. ನಾನು ಆ ಪುಸ್ತಕ ನೋಡಿದ್ದೇನೆ. ಪುಟದ ಅಂಚಿನ ತುಂಬ ಗ್ರೀಸ್ ಹತ್ತಿದ ಬೆರಳಚ್ಚು.

ಇದರ ಜೊತೆ ಇನ್ನೂ ಆರು ಕ್ಲಬ್‌ಗಳಲ್ಲಿ ಹೆಸರಿತ್ತು. ಅವುಗಳಲ್ಲಿ ಹೆಚ್ಚಿನವಕ್ಕೆ ಸುಮ್ನೆ ಹೋಗಿ ಕೂತು ಬರುತ್ತಿದ್ದಳು, ಹಲವು ಕಾಲೇಜುಗಳಿಗೆ ಒಟ್ಟಿಗೆ ಹಾಕುವ ಕಾಮನ್ ಆ್ಯಪ್ ಅರ್ಜಿಯಲ್ಲಿ ಚಟುವಟಿಕೆಗಳಿಗೆ 10 ಸಾಲು ಇವೆಯಲ್ಲ, ಅವನ್ನು ತುಂಬಿಸಬೇಕು ಅಂತ.

ಮನೆಯ ಮಾತು

ತಾಯಿಗೆ 1550 ಬೇಕಿತ್ತು. ಆ ಸಂಖ್ಯೆ ಎಲ್ಲಿಂದ ಬಂತು ಎಂದು ಕೇಳಿದೆ. ಪರಿಚಯದವರ ಮಗನಿಗೆ ಬಂದಿತ್ತು, ಅಷ್ಟೇ. ಅವರು ಒಂದು ಕೋಚಿಂಗ್ ನೋಡಿಟ್ಟಿದ್ದರು. ದಿನಕ್ಕೆ 3 ಗಂಟೆ, ವಾರಕ್ಕೆ 4 ದಿನ, 8 ವಾರ. ಕೂಡಿಸಿದರೆ 96 ಗಂಟೆ, ಅದರಲ್ಲಿ ಶನಿವಾರ ಬೆಳಿಗ್ಗೆಯೂ ಸೇರಿತ್ತು.

ತಂದೆಯದು ಇನ್ನೊಂದು ದಾರಿ. ಅಂಕ ಸಾಕು, ಆದರೆ ಸೈಕಲ್ ರಿಪೇರಿ ಅಂದರೆ ಕಾಲೇಜಿನವರಿಗೆ ಏನು ಕಾಣುತ್ತೆ, ಹಣ ಕಟ್ಟಿ ಸೇರುವ ಒಂದು ಬೇಸಿಗೆ ಸಂಶೋಧನಾ ಕಾರ್ಯಕ್ರಮ ಇದೆ, ಕೊನೆಗೆ ಸರ್ಟಿಫಿಕೇಟ್ ಕೊಡುತ್ತಾರೆ, ಅದಕ್ಕೆ ಹಾಕೋಣ ಎಂದು. ಮಗಳ ಒಳ್ಳೆಯದಕ್ಕೇ ಇಬ್ಬರೂ ಹೇಳುತ್ತಿದ್ದದ್ದು, ಅದರಲ್ಲಿ ನನಗೆ ಅನುಮಾನವೇ ಇಲ್ಲ. ಆದರೆ ಇಬ್ಬರ ಯೋಜನೆಯಲ್ಲೂ ಶನಿವಾರದ ಶೆಡ್ ಮುಚ್ಚುತ್ತಿತ್ತು.

ಪುಟ್ಟಿ ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ, "ಆಂಟಿ, ನಾನು ಬರೆಯಲ್ಲ ಅಂತ ಹೇಳ್ತಿಲ್ಲ. ಓದಿದರೂ ಏರಲ್ಲ ಅನ್ನೋದು ನನ್ನ ಭಯ. ಆಗ ಎರಡೂ ಹೋಗುತ್ತೆ ಅಲ್ವಾ?" ಎಂದಳು.

ಆ ಮಾತು ಕೇಳಿದ ಮೇಲೆ ನನಗೆ ಕೇಳಬೇಕಾದ ಪ್ರಶ್ನೆಗಳು ಎರಡು ಅನ್ನಿಸಿತು. ಅಂಕ ಏರಿದರೆ ಅವಳ ಪಟ್ಟಿಯಲ್ಲಿ ಯಾವ ಕಾಲೇಜಿನಲ್ಲಿ ಏನು ಬದಲಾಗುತ್ತದೆ? ಮತ್ತೆ, ಅಂಕ ಏರುವ ಜಾಗ ನಿಜವಾಗಿ ಇದೆಯೇ? ಇವೆರಡಕ್ಕೂ ಉತ್ತರ ಇಲ್ಲದೆ ಯಾರೂ ಏನೂ ತೀರ್ಮಾನ ಮಾಡುವುದು ಬೇಡ, ಒಂದು ವಾರ ಕೊಡಿ ಎಂದೆ.

ಮೊದಲ ಪ್ರಶ್ನೆ

ಪಟ್ಟಿಯಲ್ಲಿ 9 ಕಾಲೇಜುಗಳಿದ್ದವು. 2020ರಲ್ಲಿ ಕೋವಿಡ್ ಬಂದಾಗ ಅಮೆರಿಕದ ಬಹುತೇಕ ಕಾಲೇಜುಗಳು ಎಸ್‌ಎಟಿ ಅಂಕ ಕೊಟ್ಟರೂ ಸರಿ, ಬಿಟ್ಟರೂ ಸರಿ ಎಂದವು. ಆಮೇಲೆ ಕೆಲವು ಹಳೆ ನಿಯಮಕ್ಕೆ ಮರಳಿದವು. ಎಂಐಟಿ 2022ರಲ್ಲಿ, ಡಾರ್ಟ್‌ಮತ್, ಬ್ರೌನ್, ಹಾರ್ವರ್ಡ್, ಕ್ಯಾಲ್‌ಟೆಕ್ 2024ರಲ್ಲಿ ಮತ್ತೆ ಕಡ್ಡಾಯ ಎಂದು ಹೇಳಿದವು. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಕ್ಯಾಂಪಸ್‌ಗಳು ಪ್ರವೇಶ ತೀರ್ಮಾನದಲ್ಲಿ ಎಸ್‌ಎಟಿಯನ್ನು ನೋಡುವುದೇ ಇಲ್ಲ. ಹೀಗಾಗಿ "ಎಸ್‌ಎಟಿ ಮುಖ್ಯವೇ" ಎಂದು ಒಟ್ಟಾರೆ ಕೇಳಿದರೆ ಉತ್ತರ ಸಿಗುವುದಿಲ್ಲ, ಒಂದೊಂದು ಕಾಲೇಜಿನದ್ದೂ ತೆರೆದು ನೋಡಬೇಕು.

ಪುಟ್ಟಿ ತಾನೇ ಕೂತು ನೋಡಿದಳು. ಬಹಳಷ್ಟು ಕಾಲೇಜುಗಳು ಪ್ರತಿ ವರ್ಷ ಕಾಮನ್ ಡೇಟಾ ಸೆಟ್ ಎಂಬ ದಾಖಲೆ ಹೊರಗೆ ಹಾಕುತ್ತವೆ. ಸೇರಿದ ವಿದ್ಯಾರ್ಥಿಗಳಲ್ಲಿ ನಡುವಿನ ಅರ್ಧ ಜನರ ಎಸ್‌ಎಟಿ ಅಂಕ ಎಲ್ಲಿಂದ ಎಲ್ಲಿಯವರೆಗೆ ಇತ್ತು ಅನ್ನುವುದು ಅದರಲ್ಲಿರುತ್ತದೆ. ಶಾಲೆಯ ಗ್ರೇಡು, ಪ್ರಬಂಧ, ಚಟುವಟಿಕೆ, ಪರೀಕ್ಷೆಯ ಅಂಕ, ಇವುಗಳಲ್ಲಿ ಯಾವುದಕ್ಕೆ ಎಷ್ಟು ತೂಕ ಎಂದು ಕಾಲೇಜು ತಾನೇ ಗುರುತು ಹಾಕಿರುತ್ತದೆ. ಒಂದು ಎಚ್ಚರಿಕೆ ಬೇಕು. ಅಂಕ ಕಳಿಸುವುದು ಐಚ್ಛಿಕ ಆಗಿರುವ ಕಡೆ ಅಲ್ಲಿ ಕಾಣುವುದು ಕಳಿಸಿದವರ ಅಂಕ ಮಾತ್ರ. ಕಡಿಮೆ ಬಂದವರು ಕಳಿಸಿರುವುದೇ ಇಲ್ಲ. ಅದಕ್ಕೇ ಆ ಸಂಖ್ಯೆ ಸ್ವಲ್ಪ ಉಬ್ಬಿರುತ್ತದೆ.

ಅವಳ 9ರಲ್ಲಿ ಎರಡು ಕ್ಯಾಲಿಫೋರ್ನಿಯಾದವು, ಲೆಕ್ಕಕ್ಕೆ ಇಲ್ಲ. ಮೂರು ಕಡೆ ಕಡ್ಡಾಯ. ಅದರಲ್ಲಿ ಒಂದು ಅವಳದೇ ರಾಜ್ಯದ ವಿಶ್ವವಿದ್ಯಾಲಯ, ಅಲ್ಲಿಗೆ 1460 ಧಾರಾಳ. ಉಳಿದೆರಡು ಕನಸಿನ ಕಾಲೇಜುಗಳಲ್ಲಿ 1460 ಅಂದರೆ ಸೇರಿದವರಲ್ಲಿ ಕೆಳಗಿನ ಕಾಲು ಭಾಗದಲ್ಲಿ. ಐಚ್ಛಿಕವಾದ ನಾಲ್ಕರಲ್ಲಿ ಮೂರು ಕಡೆ ನಡುವಿನಲ್ಲೇ ಇದ್ದಳು. ನಾಲ್ಕನೆಯದರ ಪುಟದಲ್ಲಿ ಸ್ಕಾಲರ್‌ಶಿಪ್ ನಿಯಮ ಓದುವಾಗ ಅವಳು ನನಗೆ ಫೋನ್ ಮಾಡಿದಳು. ಗ್ರೇಡು ಇಷ್ಟು ಇದ್ದು ಎಸ್‌ಎಟಿ 1500 ಮುಟ್ಟಿದರೆ ಪ್ರತಿ ವರ್ಷದ ಶುಲ್ಕದಲ್ಲಿ ದೊಡ್ಡ ಪಾಲು ಮಾಫಿ. ಸೂಪರ್‌ಸ್ಕೋರ್ ಒಪ್ಪುತ್ತೀರಾ ಎಂದು ಅವಳ ಕೈಯಲ್ಲೇ ಇ-ಮೇಲ್ ಹಾಕಿಸಿದೆ. ಮೂರು ದಿನದಲ್ಲಿ ಉತ್ತರ ಬಂತು: ಒಪ್ಪುತ್ತೇವೆ.

ಮನೆಯಲ್ಲಿ 1550ರ ಮಾತು ಅಂದೇ ಸಣ್ಣಗಾಯಿತು. ಈಗ ಬೇಕಾದದ್ದು 40 ಅಂಕ, ಅದೂ ಓದು-ಬರಹದಲ್ಲಿ ಮಾತ್ರ. 680 ಇದ್ದದ್ದು 720 ಆದರೆ ಸಾಕು. ಗಣಿತದ 780 ಆಗಲೇ ಜೇಬಿನಲ್ಲಿತ್ತು.

ಎರಡನೇ ಪ್ರಶ್ನೆ

ನನ್ನ ಮಟ್ಟಿಗೆ ಇಡೀ ಪ್ರಕರಣ ತಿರುಗಿದ್ದು ಇಲ್ಲಿ. ಅದಕ್ಕೇ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ.

ನಿಜವಾದ ಪರೀಕ್ಷೆಯ ಫಲಿತಾಂಶದಲ್ಲಿ ಯಾವ ಪ್ರಶ್ನೆ ತಪ್ಪಾಯಿತು ಎಂದು ತೋರಿಸುವುದಿಲ್ಲ, ಯಾವ ವಿಭಾಗದಲ್ಲಿ ಹೇಗಿದ್ದೀರಿ ಎಂದು ಪಟ್ಟಿಯ ಹಾಗೆ ಬರುತ್ತದೆ ಅಷ್ಟೇ. ಆದರೆ ಎಸ್‌ಎಟಿ ನಡೆಸುವವರದೇ ಬ್ಲೂಬುಕ್ ಆ್ಯಪ್‌ನಲ್ಲಿ ಉಚಿತವಾಗಿ ಸಿಗುವ ಪೂರ್ತಿ ಅಭ್ಯಾಸ ಪರೀಕ್ಷೆಗಳಲ್ಲಿ ಪ್ರತಿ ಪ್ರಶ್ನೆಯನ್ನೂ ತಿರುಗಿ ನೋಡಬಹುದು. ಪುಟ್ಟಿ ಆ ಹೊತ್ತಿಗೆ 4 ಬರೆದಿದ್ದಳು. ಅಂಕ ನೋಡಿ ಮುಚ್ಚಿಟ್ಟಿದ್ದಳು. ತಪ್ಪುಗಳನ್ನು ಒಂದೊಂದಾಗಿ ಬರೆದುಕೋ, ಸೈಕಲ್ ಪುಸ್ತಕದ ಹಾಗೇ ಎಂದೆ. ಏನು ಹಾಳಾಗಿತ್ತು, ಯಾಕೆ ಹಾಳಾಯಿತು.

ಓದು-ಬರಹದಲ್ಲಿ ಒಂದು ಪರೀಕ್ಷೆಗೆ 54 ಪ್ರಶ್ನೆ. 27 ಪ್ರಶ್ನೆಗಳ ಎರಡು ತುಂಡು, ಅವಕ್ಕೆ ಮಾಡ್ಯೂಲ್ ಅನ್ನುತ್ತಾರೆ, ಒಂದೊಂದಕ್ಕೆ 32 ನಿಮಿಷ. 4 ಪರೀಕ್ಷೆ ಸೇರಿ 47 ತಪ್ಪು. ಅದರಲ್ಲಿ 29 ತಪ್ಪು ಮಾಡ್ಯೂಲ್‌ನ ಕೊನೆಯ ಹತ್ತು-ಹನ್ನೆರಡು ಪ್ರಶ್ನೆಗಳಲ್ಲಿ. ಕೊನೆಯವು ಕಷ್ಟದವು ಅದಕ್ಕೇ ತಪ್ಪಾಗಿವೆ ಎಂದು ತಾಯಿ ಹೇಳಿದರು. ಹಾಗಲ್ಲ. ಈ ಭಾಗದಲ್ಲಿ ಪ್ರಶ್ನೆಗಳು ವಿಷಯದ ಪ್ರಕಾರ ಗುಂಪಾಗಿ ಬರುತ್ತವೆ. ಮೊದಲು ಪದದ ಅರ್ಥ, ಆಮೇಲೆ ಓದಿ ಅರ್ಥ ಮಾಡಿಕೊಳ್ಳುವುದು, ಆಮೇಲೆ ಅಲ್ಪವಿರಾಮ, ಅರ್ಧವಿರಾಮ, ವಾಕ್ಯ ರಚನೆಯ ನಿಯಮಗಳು, ಕೊನೆಗೆ ಎರಡು ವಾಕ್ಯ ಜೋಡಿಸುವ ಪದ ಯಾವುದು ಅನ್ನುವಂಥವು. ಅಂದರೆ ನಿಯಮ ಗೊತ್ತಿದ್ದರೆ ಅರ್ಧ ನಿಮಿಷದಲ್ಲಿ ಮುಗಿಯುವ ಪ್ರಶ್ನೆಗಳು ಹಿಂದಿನ ಸಾಲಿನಲ್ಲಿ ಕೂತಿವೆ. ಪುಟ್ಟಿ ನಡುವಿನ ಓದಿನ ಪ್ರಶ್ನೆಗಳಲ್ಲಿ ಎರಡೆರಡು ನಿಮಿಷ ಕಳೆದು, ಸುಲಭದವು ಬರುವ ಹೊತ್ತಿಗೆ ಗಡಿಯಾರ ನೋಡಿ ಗಾಬರಿಯಲ್ಲಿ ಒತ್ತುತ್ತಿದ್ದಳು.

ಆ 29 ಪ್ರಶ್ನೆಗಳನ್ನು ಗಡಿಯಾರ ಇಲ್ಲದೆ ಮತ್ತೆ ಮಾಡಿಸಿದೆ. ಹಳೆ ಉತ್ತರ ಕಾಣದ ಹಾಗೆ, ಬಿಳಿ ಹಾಳೆಯಲ್ಲಿ. 22 ಸರಿ ಬಂದವು.

ಅವಳು ಆ ಹಾಳೆಯನ್ನೇ ನೋಡುತ್ತಾ ಕೂತಳು. "ಅಂದರೆ ನನಗೆ ಬರುತ್ತೆ" ಎಂದಳು. ಎರಡು ತಿಂಗಳಿಂದ ತನಗೆ ಇಂಗ್ಲಿಷ್ ಬರುವುದಿಲ್ಲ ಎಂದು ನಂಬಿಕೊಂಡಿದ್ದ ಹುಡುಗಿ.

ಹಾಗಾಗಿ ಯೋಜನೆ ಚಿಕ್ಕದಾಯಿತು. ಕೋಚಿಂಗ್ ಬೇಡ. ದಿನಕ್ಕೆ 40 ನಿಮಿಷ, ವಾರಕ್ಕೆ 5 ದಿನ, ಶನಿವಾರ ಮುಟ್ಟುವಂತಿಲ್ಲ. ಆಗಸ್ಟ್ ಕೊನೆಯ ಪರೀಕ್ಷೆಗೆ 8 ವಾರ ಇತ್ತು, ಒಟ್ಟು ಸುಮಾರು 27 ಗಂಟೆ. ಪದಗಳ ಪ್ರಶ್ನೆ ಮುಗಿಸಿದ ಕೂಡಲೇ ನೇರ ನಿಯಮದ ಪ್ರಶ್ನೆಗಳಿಗೆ ಹಾರಿ, ಅವನ್ನು ಮುಗಿಸಿ, ಓದಿನ ಪ್ರಶ್ನೆಗಳಿಗೆ ವಾಪಸ್ ಬರುವುದು. ಒಂದು ಮಾಡ್ಯೂಲ್ ಒಳಗೆ ಹಿಂದೆ ಮುಂದೆ ಹೋಗಲು ಆ್ಯಪ್ ಬಿಡುತ್ತದೆ. ಮತ್ತೆ ಒಂದು ಒಪ್ಪಂದ, ಅದನ್ನು ಬರೆದು ಫ್ರಿಜ್‌ಗೆ ಅಂಟಿಸಿದೆವು: ಆಗಸ್ಟ್‌ನಲ್ಲಿ ಏನೇ ಬರಲಿ, ಅದೇ ಕೊನೆಯ ಎಸ್‌ಎಟಿ. ಇದಕ್ಕೆ ತಾಯಿಯ ಒಪ್ಪಿಗೆ ಪಡೆಯಲು ಬಹಳ ಹೊತ್ತು ಹಿಡಿಯಿತು.

ಹಣ ಕಟ್ಟುವ ಸಂಶೋಧನಾ ಕಾರ್ಯಕ್ರಮವನ್ನು ತಂದೆ ತಾವೇ ಬಿಟ್ಟರು. ನಾನು ವಾದ ಮಾಡಲಿಲ್ಲ. ಒಂದು ಶನಿವಾರ ಶೆಡ್‌ಗೆ ಹೋಗಿ ಬನ್ನಿ ಎಂದಿದ್ದೆ ಅಷ್ಟೇ, ಹೋಗಿ ನಾಲ್ಕು ಗಂಟೆ ಇದ್ದು ಬಂದರು.

ರಜೆಯಲ್ಲಿ ನಡೆದದ್ದು

ಜುಲೈ ಮಧ್ಯದಲ್ಲಿ ಒಂದು ಘಟನೆಯಾಯಿತು. ಎಂಟು ವರ್ಷದ ಹುಡುಗನೊಬ್ಬ ವಾರದ ಹಿಂದೆ ತೆಗೆದುಕೊಂಡು ಹೋದ ಸೈಕಲ್ ತಳ್ಳಿಕೊಂಡು ವಾಪಸ್ ಬಂದ. ಮೊಣಕೈ ತರಚಿತ್ತು. ಇಳಿಜಾರಿನಲ್ಲಿ ಬ್ರೇಕ್ ಹಿಡಿದಾಗ ವೈರ್ ಜಾರಿ ಬಂದಿತ್ತು. ವೈರ್ ಹಿಡಿದಿಡುವ ನಟ್ಟನ್ನು ಪುಟ್ಟಿ ಪೂರ್ತಿ ಬಿಗಿ ಮಾಡಿರಲಿಲ್ಲ. ಹುಡುಗನ ಅಜ್ಜಿ ಬೈಯಲಿಲ್ಲ, ಅದೇ ಅವಳಿಗೆ ಜಾಸ್ತಿ ನೋವಾಯಿತು.

ಆ ರಾತ್ರಿ ನನಗೆ ಫೋನ್ ಮಾಡಿ ಇನ್ನು ಶೆಡ್‌ಗೆ ಹೋಗುವುದಿಲ್ಲ ಎಂದಳು. ನಾನು ಹೆಚ್ಚೇನೂ ಹೇಳಲಿಲ್ಲ. ಮುಂದಿನ ಶನಿವಾರ ಹೋದಳು. ಒಂದು ರಟ್ಟಿನ ಚೀಟಿ ಮಾಡಿ ಪ್ರತಿ ಸೈಕಲ್‌ನ ಹ್ಯಾಂಡಲ್‌ಗೆ ಕಟ್ಟತೊಡಗಿದಳು. ಮುಂದಿನ ಬ್ರೇಕ್, ಹಿಂದಿನ ಬ್ರೇಕ್, ಚಕ್ರದ ನಟ್ಟು, ಚೈನ್, ಗಾಳಿ. ರಿಪೇರಿ ಮಾಡಿದವರು ಒಂದು ಸಹಿ, ಮಾಡದೆ ಇರುವ ಇನ್ನೊಬ್ಬರು ಪರೀಕ್ಷಿಸಿ ಇನ್ನೊಂದು ಸಹಿ. ಎರಡನೇ ಸಹಿಗೆ ಜನ ಬೇಕಲ್ಲ, ಅದಕ್ಕೆ ಶಾಲೆಯಿಂದ ಇಬ್ಬರನ್ನು ಕರೆತಂದಳು. ಅಲ್ಲಿಯವರೆಗೆ ಒಬ್ಬಳೇ ಮಾಡುತ್ತಿದ್ದ ಕೆಲಸ ಅಂದಿನಿಂದ ಮೂವರದ್ದಾಯಿತು. ಕೋಚಿಂಗ್‌ಗೆ ಸೇರಿದ್ದರೆ ಆ ಹುಡುಗ ಬಂದ ಶನಿವಾರ ಶೆಡ್‌ಗೆ ಬೀಗ ಇರುತ್ತಿತ್ತು.

ಆಗಸ್ಟ್ ಪರೀಕ್ಷೆಗೆ ಹತ್ತಿರದ ಕೇಂದ್ರಗಳೆಲ್ಲ ತುಂಬಿದ್ದವು, ದೂರದ್ದೇ ಸಿಕ್ಕಿತು. ಜೂನ್‌ನಲ್ಲಿ ಯೋಚಿಸುತ್ತಾ ಕೂತದ್ದರ ಬೆಲೆ ಅದು. ಫಲಿತಾಂಶ: ಓದು-ಬರಹ 730, ಗಣಿತ 760. ಒಟ್ಟು 1490, ಸೂಪರ್‌ಸ್ಕೋರ್ 1510.

ತಾಯಿಯ ಫೋನ್ ಆ ಸಂಜೆಯೇ ಬಂತು. ಇಷ್ಟು ಕಡಿಮೆ ಓದಿ 50 ಏರಿದೆ, ಅಕ್ಟೋಬರ್‌ನಲ್ಲಿ ಇನ್ನೊಂದು ಸಲ ಬರೆದರೆ 1550 ಆಗಬಹುದು, ಬೇಗ ಅರ್ಜಿ ಹಾಕುವವರ ನವೆಂಬರ್ 1ರ ಗಡುವಿಗೆ ಮೊದಲೇ ಫಲಿತಾಂಶ ಬರುತ್ತದೆ. ಅವರ ಲೆಕ್ಕದಲ್ಲಿ ತಪ್ಪಿರಲಿಲ್ಲ. ನಿಜ ಹೇಳುತ್ತೇನೆ, ನನಗೂ ಒಂದು ಕ್ಷಣ ಆಸೆಯಾಯಿತು. ಆದರೆ ತಪ್ಪುಗಳ ಪುಸ್ತಕ ತೆರೆದು ನೋಡಿದಾಗ ಉಳಿದ ತಪ್ಪುಗಳೆಲ್ಲ ಕಷ್ಟದ ಓದಿನ ಪ್ರಶ್ನೆಗಳಲ್ಲಿದ್ದವು. ಅವು ಐದು ವಾರದಲ್ಲಿ ಸರಿಹೋಗುವಂಥವಲ್ಲ, ವರ್ಷಗಟ್ಟಲೆ ಓದುವ ಅಭ್ಯಾಸದಿಂದ ಬರುವಂಥವು. ಅದೇ ಐದು ವಾರದಲ್ಲಿ 650 ಪದದ ಮುಖ್ಯ ಪ್ರಬಂಧ, ಒಂದೊಂದು ಕಾಲೇಜಿನ ಬೇರೆ ಪ್ರಬಂಧಗಳು, ಹನ್ನೆರಡನೇ ತರಗತಿಯ ಮೊದಲ ಗ್ರೇಡುಗಳು. ಈ ಸಲ ಪುಟ್ಟಿಯೇ ಮಾತಾಡಿದಳು. ಫ್ರಿಜ್ ಹತ್ತಿರ ಹೋಗಿ ಚೀಟಿ ತೋರಿಸಿ, "ಅಮ್ಮಾ, ನೀನೂ ಸಹಿ ಹಾಕಿದ್ದೀಯ" ಎಂದಳಂತೆ.

ಅವಳ ಮೊದಲ ಪ್ರಬಂಧ ನಾಯಕತ್ವದ ಬಗ್ಗೆ ಇತ್ತು. ಯಾರು ಬೇಕಾದರೂ ಬರೆಯಬಹುದಾದದ್ದು. ಎರಡನೆಯದು ಆ ನಟ್ಟಿನ ಬಗ್ಗೆ. ತರಚಿದ ಮೊಣಕೈ, ಸುಮ್ಮನೆ ನಿಂತ ಅಜ್ಜಿ, ರಟ್ಟಿನ ಚೀಟಿ. ಚಟುವಟಿಕೆಗಳ ಪಟ್ಟಿಯಲ್ಲಿ ಒಂದೊಂದನ್ನು ವಿವರಿಸಲು ಸಿಗುವುದು 150 ಅಕ್ಷರದಷ್ಟು ಜಾಗ. ಸೈಕಲ್ ಕೆಲಸವನ್ನು ಅಷ್ಟರಲ್ಲಿ ಹಿಡಿಸಲು ಒಂದು ಇಡೀ ಸಂಜೆ ಬೇಕಾಯಿತು. ಸುಮ್ನೆ ಕೂತು ಬರುತ್ತಿದ್ದ ಕ್ಲಬ್‌ಗಳಿಗೆ ಬರೆಯಲು ಏನೂ ಇರಲಿಲ್ಲ, ಅವುಗಳಲ್ಲಿ ನಾಲ್ಕನ್ನು ತೆಗೆದುಹಾಕಿದಳು. ಹತ್ತು ಸಾಲಲ್ಲಿ ತುಂಬಿದ್ದು ಮೂರು. ತಂದೆಗೆ ಆ ಖಾಲಿ ಸಾಲುಗಳನ್ನು ನೋಡಿ ಹೊಟ್ಟೆಯಲ್ಲಿ ಸಂಕಟವಾಯಿತು. ಖಾಲಿ ಬಿಡುವುದರಿಂದ ನಷ್ಟ ಇಲ್ಲ ಎಂದು ನಾನು ನಂಬುತ್ತೇನೆ.

ಏನಾಯಿತು, ಅದರಿಂದ ಏನು ತಿಳಿಯಿತು

ಕನಸಿನ ಎರಡೂ ಕಾಲೇಜುಗಳು ಬೇಡ ಎಂದವು. ಒಂದು ಡಿಸೆಂಬರ್‌ನಲ್ಲಿ ತೀರ್ಮಾನವನ್ನು ಮುಂದಕ್ಕೆ ಹಾಕಿ ಮಾರ್ಚ್‌ನಲ್ಲಿ ಇಲ್ಲ ಎಂದಿತು. ತನ್ನ ರಾಜ್ಯದ ವಿಶ್ವವಿದ್ಯಾಲಯದಲ್ಲಿ ಮೆಕ್ಯಾನಿಕಲ್ ಎಂಜಿನಿಯರಿಂಗ್ ಸಿಕ್ಕಿತು. ಕ್ಯಾಲಿಫೋರ್ನಿಯಾದ ಎರಡರಲ್ಲಿ ಒಂದು ಸಿಕ್ಕಿತು. ಐಚ್ಛಿಕವಾದ ನಾಲ್ಕರಲ್ಲಿ ಎರಡು ಸಿಕ್ಕವು, ಒಂದು ಕಾಯುವ ಪಟ್ಟಿ, ಒಂದು ಇಲ್ಲ. ಸಿಕ್ಕ ಎರಡರಲ್ಲಿ 1500ರ ಗೆರೆಯದ್ದೂ ಇತ್ತು, ಸ್ಕಾಲರ್‌ಶಿಪ್ ಸಮೇತ. ಅಲ್ಲಿಗೇ ಹೋದಳು.

ಎಸ್‌ಎಟಿ ಅಂಕವನ್ನೇ ನೋಡದ ಕ್ಯಾಲಿಫೋರ್ನಿಯಾದಲ್ಲಿ ಅವಳಿಗೆ ಸೀಟು ಕೊಡಿಸಿದ್ದು 1510 ಅಲ್ಲ ಎಂದು ಖಚಿತವಾಗಿ ಹೇಳಬಹುದು. ಸ್ಕಾಲರ್‌ಶಿಪ್ ಕೊಡಿಸಿದ್ದು ಸೈಕಲ್ ಅಲ್ಲ ಎಂದೂ ಅಷ್ಟೇ ಖಚಿತವಾಗಿ ಹೇಳಬಹುದು, ಅಲ್ಲಿ ನಿಯಮವೇ ಅಂಕದ್ದು. ಉಳಿದ ಕಡೆ ಯಾವುದು ಕೆಲಸ ಮಾಡಿತು ಎಂದು ಯಾರೂ ಹೇಳಲಾರರು. ಇನ್ನೊಬ್ಬರ ಮಗು ಇದನ್ನು ಓದಿ ಮೂರನೇ ಸಲ ಬರೆಯಬೇಕು ಎಂದೋ, ಬರೆಯಬಾರದು ಎಂದೋ ತೀರ್ಮಾನಿಸಿದರೆ ನನಗೆ ಬೇಸರವಾಗುತ್ತದೆ. ಪುಟ್ಟಿಗೆ ಏರುವ ಜಾಗ ಇತ್ತು, ಅದು ಎಲ್ಲಿದೆ ಎಂದು ಕಾಗದದ ಮೇಲೆ ಕಂಡಿತು, ಏರಿದರೆ ಹಣ ಉಳಿಯುವ ಒಂದು ಕಾಲೇಜು ಇತ್ತು. ಈ ಮೂರರಲ್ಲಿ ಒಂದು ಇರದಿದ್ದರೂ ನಾನು ಜೂನ್‌ನಲ್ಲೇ ಸಾಕು ಅನ್ನುತ್ತಿದ್ದೆ. ಹಾಗೇ ಶೆಡ್ ಬದಲಿಗೆ ಆ ಆರು ಕ್ಲಬ್‌ಗಳ ಮಾತು ಬಂದಿದ್ದರೆ, ಬಿಟ್ಟು ಓದು ಎನ್ನಲು ನನಗೆ ಒಂದು ನಿಮಿಷವೂ ಬೇಕಿರಲಿಲ್ಲ. ಒಂದು ಶನಿವಾರ ಅವಳು ಹೋಗದಿದ್ದರೆ ಯಾರಾದರೂ ಬಾಗಿಲಲ್ಲಿ ಕಾಯುತ್ತಾರಾ? ಚಟುವಟಿಕೆ ಬಿಡಬೇಕೋ ಬೇಡವೋ ಎಂದು ಕೇಳುವ ಮನೆಗಳಿಗೆ ನಾನು ಈಗ ಮೊದಲು ಇದನ್ನೇ ಕೇಳುತ್ತೇನೆ.

ನಾನು ಬದಲಿಸಿಕೊಂಡದ್ದು ಇನ್ನೊಂದಿದೆ. ಆ ತಪ್ಪುಗಳ ಪುಸ್ತಕವನ್ನು ಮಾರ್ಚ್‌ನಲ್ಲೇ ಮಾಡಿಸಬೇಕಿತ್ತು. ಮಾಡಿಸಿದ್ದರೆ ಮೇ ತಿಂಗಳ ಪರೀಕ್ಷೆ ಬೇಕಿರಲಿಲ್ಲ, ತನಗೆ ಬರುವುದಿಲ್ಲ ಎಂದು ಅವಳು ಎರಡು ತಿಂಗಳು ಕೊರಗುತ್ತಲೂ ಇರಲಿಲ್ಲ. ಈಗ ಯಾರಿಗೂ ಪುಸ್ತಕ ನೋಡದೆ ದಿನಾಂಕ ಹೇಳುವುದಿಲ್ಲ.

ಕಳೆದ ತಿಂಗಳು ಅದೇ ತಾಯಿ ಮತ್ತೆ ಫೋನ್ ಮಾಡಿದರು, ಚಿಕ್ಕ ಮಗನ ವಿಷಯಕ್ಕೆ. ಅವನು ಮೊದಲ ಅಭ್ಯಾಸ ಪರೀಕ್ಷೆ ಬರೆದಿದ್ದಾನೆ, ತಪ್ಪುಗಳನ್ನೆಲ್ಲ ಅಕ್ಕನ ಹಳೆ ನೋಟ್‌ಬುಕ್‌ನ ಖಾಲಿ ಪುಟಗಳಲ್ಲಿ ಬರೆದಿಟ್ಟಿದ್ದಾನೆ, ಭಾನುವಾರ ಕಳಿಸಲಾ ಎಂದು ಕೇಳಿದರು. ಶನಿವಾರ ಯಾಕೆ ಬೇಡ ಎಂದೆ. ಶನಿವಾರ ಅವನು ಶೆಡ್‌ನಲ್ಲಿರುತ್ತಾನೆ ಎಂದರು.